ಮಾತ್ರೆ ಬಿಡಬೇಡಿ, ಬಾಯಿ ತೋರಿಸಿ

ನಾನು ಕಿಡ್ನಿ ಕಸಿ ವಿಭಾಗದಲ್ಲಿ ಕೋಆರ್ಡಿನೇಟರ್. ಮೊದಲು ಡಯಾಲಿಸಿಸ್ ನರ್ಸ್ ಆಗಿದ್ದೆ, ಈಗ ಕಸಿ ಆದವರ ಫಾಲೋಅಪ್ ನೋಡಿಕೊಳ್ಳುತ್ತೇನೆ. ಬೇರೆಯವರ ಕಿಡ್ನಿ ಹಾಕಿಸಿಕೊಂಡವರಿಗೆ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಇದನ್ನು ಅವರಿಗೆ ಹೇಗೆ ಹೇಳೋದು ಅಂತ ಕಲಿಯೋಕೆ ನನಗೆ ವರ್ಷಗಳೇ ಹಿಡಿದವು.

ಶುರುವಿನಲ್ಲಿ ಡಿಸ್ಚಾರ್ಜ್ ದಿನವೇ ಎಲ್ಲ ಹೇಳಿ ಮುಗಿಸುತ್ತಿದ್ದೆ. ಮಾತ್ರೆ ಚಾರ್ಟಿನ ಜೊತೆ ಒಂದು ಕರಪತ್ರ. ವಿದೇಶದ್ದೊಂದನ್ನು ನೋಡಿ ಕನ್ನಡಕ್ಕೆ ಮಾಡಿದ್ದು ನಾನೇ. ಮೊದಲ ಪುಟದಲ್ಲೇ ಬಿಸಿಲು, ಟೋಪಿ, ಸನ್‌ಸ್ಕ್ರೀನ್. ಮಂಡ್ಯ ಕಡೆಯ ರೈತರೊಬ್ಬರು ಓದಿ, "ಸಿಸ್ಟರ್, ಇನ್ಮೇಲೆ ಗದ್ದೆಗೆ ಕ್ರೀಮ್ ಹಚ್ಕೊಂಡು ಹೋಗ್ಬೇಕಾ?" ಅಂದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ಆಸ್ಟ್ರೇಲಿಯಾದ ಬಿಳಿಯರಿಗೆ ಅದು ನಗೋ ಮಾತಲ್ಲ. ಅಲ್ಲಿ ಕಸಿಯಾದ 20 ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಚರ್ಮದ ಕ್ಯಾನ್ಸರ್ ಬರುತ್ತದೆ. ನಮ್ಮ ಮೈಬಣ್ಣದವರಿಗೆ ಅದರ ಕಾಟ ತುಂಬಾ ಕಮ್ಮಿ. ನಮ್ಮವರಲ್ಲಿ ನೋಡಬೇಕಾದ್ದು ಕೆನ್ನೆಯ ಒಳಗೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಇಟ್ಟುಕೊಳ್ಳೋ ಜಾಗದಲ್ಲಿ.

ಕರಪತ್ರ ಹೋಗಲಿ, ನನ್ನ ಮಾತಿನಿಂದಲೇ ಒಂದು ಎಡವಟ್ಟಾಯಿತು. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಸ್ಟೆರಾಯ್ಡ್ ಕೊಡುತ್ತೇವೆ. ಅವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಕೆಟ್ಟ ಜೀವಕೋಶಗಳನ್ನೂ ಕೆಲವು ಕ್ಯಾನ್ಸರ್ ತರೋ ವೈರಸ್‌ಗಳನ್ನೂ ಹತ್ತಿಕ್ಕೋದು ಅದೇ ಶಕ್ತಿ. ಒಬ್ಬ ಕಾಲೇಜು ಹುಡುಗನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನಿಗೆ ಕಿಡ್ನಿ ಕೊಟ್ಟಿದ್ದು ಅವರಮ್ಮ. ಎರಡು ತಿಂಗಳಾದ ಮೇಲೆ ಬಂದಾಗ ರಕ್ತದಲ್ಲಿ 1.2 ಇದ್ದ ಕ್ರಿಯಾಟಿನಿನ್ 2.8 ಆಗಿತ್ತು. ಕಿಡ್ನಿ ಸೋತಷ್ಟೂ ಅದು ಏರುತ್ತದೆ. ಸಂಜೆಯ ಮಾತ್ರೆ ತಾನೇ ನಿಲ್ಲಿಸಿದ್ದ. "ಕ್ಯಾನ್ಸರ್ ಬರುತ್ತೆ ಅಂತ ನೀವೇ ಅಂದ್ರಲ್ಲ ಸಿಸ್ಟರ್." ಅಡ್ಮಿಟ್, ಬಯಾಪ್ಸಿ, ಮೂರು ದಿನ ಸ್ಟೆರಾಯ್ಡ್ ಇಂಜೆಕ್ಷನ್. ಕಿಡ್ನಿ ಉಳಿಯಿತು. ಅವರಮ್ಮನ ಮುಖ ನೋಡೋಕೆ ಮಾತ್ರ ನನಗಾಗಲಿಲ್ಲ.

ಆಮೇಲೆ ರೀತಿ ಬದಲಿಸಿದೆ. ಡಿಸ್ಚಾರ್ಜ್ ದಿನ ಕ್ಯಾನ್ಸರ್ ಮಾತೇ ಇಲ್ಲ. ಅವತ್ತು ಅವರ ತಲೆಯಲ್ಲಿ ಮಾತ್ರೆ, ಬಿಲ್ಲು, ಆಂಬ್ಯುಲೆನ್ಸು. ಮೂರನೇ ತಿಂಗಳಲ್ಲಿ ಮನೆಯವರ ಜೊತೆ ಕೂರಿಸಿಕೊಂಡು ಹೇಳುತ್ತೇನೆ. ಮೊದಲ ಮಾತು ಯಾವಾಗಲೂ ಒಂದೇ: "ಮಾತ್ರೆ ಒಂದೂ ಬಿಡಬೇಡಿ. ಕಮ್ಮಿ ಮಾಡೋದು ಡಾಕ್ಟರ್ ಕೆಲಸ. ಬಾಯಿ ತೋರಿಸೋದು ನಿಮ್ಮ ಕೆಲಸ."

ನನ್ನ ಕೋಟಿನ ಜೇಬಲ್ಲಿ ಒಂದು ಪೆನ್ ಟಾರ್ಚ್, ಐಸ್‌ಕ್ರೀಮ್ ಕಡ್ಡಿಯಂಥ ಮರದ ಪಟ್ಟಿ, ಸ್ವಲ್ಪ ಗಾಜ್ ಬಟ್ಟೆ. ಪಟ್ಟಿಯಿಂದ ಕೆನ್ನೆ ಹೊರಗೆ ತಳ್ಳಿ ಎರಡೂ ಕಡೆ ನೋಡೋದು. ನಾಲಿಗೆ ಎತ್ತಿಸಿ ಕೆಳಗೆ, ಆಮೇಲೆ ನಾಲಿಗೆಯ ಅಂಚು. ಎರಡು ನಿಮಿಷ ಸಾಕು. ಬಿಳಿ ಕಂಡರೆ ಗಾಜ್‌ನಿಂದ ಒರೆಸಿ ನೋಡುತ್ತೇನೆ. ಈ ಮಾತ್ರೆ ತಗೊಳ್ಳೋರಿಗೆ ಬಾಯಲ್ಲಿ ಬೂಷ್ಟು ಸೋಂಕು ಬೇಗ ಆಗುತ್ತದೆ, ಅದು ಸಾಮಾನ್ಯವಾಗಿ ಒರೆಸಿದರೆ ಕಿತ್ತು ಬರುತ್ತದೆ. ಒರೆಸಿದರೂ ಹೋಗದ ಬಿಳಿ ಮಚ್ಚೆಯನ್ನು ಸುಮ್ನೆ ಬಿಡಬಾರದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಶಿವಮೊಗ್ಗ ಕಡೆಯವರೊಬ್ಬರು, ಕಸಿಯಾಗಿ ಏಳನೇ ವರ್ಷ. ಕಿಡ್ನಿ ಕೊಟ್ಟವರು ಹೆಂಡತಿ. ಎಡಗೆನ್ನೆಯಲ್ಲಿ ಬಿಳಿ ಇತ್ತು. ಬೂಷ್ಟು ಅಂದುಕೊಂಡು ಡಾಕ್ಟರಿಗೂ ಹಾಗೇ ಹೇಳಿದೆ. ಒಂದೂವರೆ ತಿಂಗಳು ಬಾಯಿಗೆ ಔಷಧಿ ಹಚ್ಚಿದ್ದೇ ಹಚ್ಚಿದ್ದು. ಕೊನೆಗೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. "ಬರೀ ಅಡಿಕೆ ಸಿಸ್ಟರ್, ಹೊಗೆಸೊಪ್ಪು ಮುಟ್ಟಲ್ಲ" ಅಂತಿದ್ದರು. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲೇ ಹೇಳಿದೆ. ತೋಟ ಇರೋರಿಗೆ ಅದನ್ನು ಹೇಳೋದು ಎಷ್ಟು ಕಷ್ಟ ಗೊತ್ತಾ?

ಆಪರೇಷನ್ ಆಯಿತು. ಮೈಕೋಫೆನೊಲೇಟ್ ಕಮ್ಮಿ ಮಾಡಿದರು. ಟ್ಯಾಕ್ರೋಲಿಮಸ್ ಬದಲು ಸಿರೋಲಿಮಸ್ ಅನ್ನೋ, ತಿರಸ್ಕಾರ ತಡೆಯೋ ಇನ್ನೊಂದು ಮಾತ್ರೆ ಕೊಡೋಣ ಅಂದರು, ಆದರೆ ತಕ್ಷಣ ಅಲ್ಲ. ಸಿರೋಲಿಮಸ್ ತಗೊಂಡರೆ ಗಾಯ ಮಾಯೋದು ನಿಧಾನ, ಅದಕ್ಕೇ ಹೊಲಿಗೆ ಪೂರ್ತಿ ಮಾಯುವ ತನಕ ಕಾದರು. ಆ ದಿನಗಳಲ್ಲಿ ಅವರಿಗೆ ಕ್ಯಾನ್ಸರ್‌ಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. "ಮಾತ್ರೆ ಕಮ್ಮಿ ಮಾಡಿದ್ರೆ ಅವಳು ಕೊಟ್ಟಿದ್ದು ಹೋಗಲ್ವಾ?" ಹೆಂಡತಿ ಪಕ್ಕದಲ್ಲೇ ಕೂತಿದ್ದರು. "ಹೋದ್ರೆ ಹೋಗ್ಲಿ, ನೀವಿರಿ" ಅಂದರು.

ಉಳಿದದ್ದನ್ನು ರಕ್ತ ಪರೀಕ್ಷೆಗೆ ಬಂದ ದಿನವೇ ಮುಗಿಸುತ್ತೇನೆ. ಇಲ್ಲದಿದ್ದರೆ ಇನ್ನೊಂದು ಬಸ್ ಚಾರ್ಜು, ಬರೋದೇ ಇಲ್ಲ. ಹೆಂಗಸರನ್ನು ಪ್ಯಾಪ್ ಪರೀಕ್ಷೆಗೆ ಕಳಿಸುತ್ತೇನೆ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರೋ ವೈರಸ್‌ಗೂ ಇವರಲ್ಲಿ ತಡೆ ಕಮ್ಮಿ. ಕುತ್ತಿಗೆ, ಕಂಕುಳಲ್ಲಿ ಗಂಟು, ಬಿಡದ ಜ್ವರ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸುತ್ತೇನೆ. ಅದರಲ್ಲೂ ಮೊದಲ ವರ್ಷದಲ್ಲಿ, ಲಿಂಫೋಮಾದ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್‌ನ ಭಯ ಇರುತ್ತದೆ. ಸ್ಕ್ಯಾನಿಂಗ್ ಚೀಟಿಯ ಮೇಲೆ ನಾನೇ "ಮೂರೂ ಕಿಡ್ನಿ" ಅಂತ ಬರೆಯುತ್ತೇನೆ. ಹೊಸ ಸ್ಕ್ಯಾನಿಂಗ್ ಹುಡುಗರು ಒಮ್ಮೆ ನನ್ನ ಮುಖ ನೋಡುತ್ತಾರೆ. ಹಳೆಯವೆರಡನ್ನು ಸಾಮಾನ್ಯವಾಗಿ ತೆಗೆಯೋದಿಲ್ಲ, ಹೊಸದನ್ನು ಕೆಳಹೊಟ್ಟೆಯಲ್ಲಿ ಇಡುತ್ತಾರೆ. ಸುಕ್ಕುಗಟ್ಟಿದ ಆ ಹಳೆಯವುಗಳಲ್ಲೂ ಕ್ಯಾನ್ಸರ್ ಬರಬಹುದು.

ಶಿವಮೊಗ್ಗದವರು ಈಗ ಚೆನ್ನಾಗಿದ್ದಾರೆ. ಹೆಂಡತಿ ಪ್ರತಿ ತಿಂಗಳು ಮೊಬೈಲ್ ಟಾರ್ಚ್ ಹಾಕಿ, ಗಂಡನ ಬಾಯಿಯ ಫೋಟೊ ತೆಗೆದು ನನಗೆ ವಾಟ್ಸ್ಆ್ಯಪ್ ಮಾಡುತ್ತಾರೆ. ಕಳೆದ ವಾರದ ಫೋಟೊದಲ್ಲಿ ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೆನ್ನೆ ಸ್ವಲ್ಪ ಎಳೆದು ಹಿಡಿದು ಇನ್ನೊಂದು ತೆಗೀರಿ ಅಕ್ಕ ಅಂತ ಬರೆದೆ.