ಡೈರೆಕ್ಟರಿ ಪ್ರೊಫೈಲ್‌ನಿಂದ ಕರೆ ಬರದಿದ್ದಾಗ ನಾನು ಬದಲಿಸಿದ್ದು

ನಾನು ಥೆರಪಿಸ್ಟ್. ಜನ ಥೆರಪಿಸ್ಟ್‌ಗಳನ್ನು ಹುಡುಕುವ ಆನ್‌ಲೈನ್ ಡೈರೆಕ್ಟರಿಯಲ್ಲಿ ಪ್ರೊಫೈಲ್ ಹಾಕಿ ತಿಂಗಳುಗಟ್ಟಲೆ ಕಾದರೂ ಯಾರೂ ವಿಚಾರಿಸಲಿಲ್ಲ. ಕೊನೆಗೆ ಸಹಾಯ ಬೇಕಾದವರ ಹಾಗೆ ನಾನೇ ಫೋನಿನಲ್ಲಿ ಹುಡುಕಿದೆ. ಪಟ್ಟಿಯಲ್ಲಿ ಕಾಣಿಸಿದ್ದು ಫೋಟೋ ಮತ್ತು ಮೊದಲ ಎರಡು ಸಾಲು ಅಷ್ಟೇ, ಆ ಎರಡು ಸಾಲಿನ ತುಂಬ ನನ್ನ ಡಿಗ್ರಿ, ತರಬೇತಿಗಳ ಹೆಸರೇ ಇತ್ತು. ನಿದ್ದೆ ಬಾರದೆ ನಡುರಾತ್ರಿ ಹುಡುಕುವವರಿಗೆ ಅದರಿಂದ ಏನಾಗಬೇಕು, ಅಲ್ವಾ? ಅದನ್ನೆಲ್ಲ ಕೆಳಗೆ ಹಾಕಿ, "ಮಲಗಿದ ತಕ್ಷಣ ಯೋಚನೆಗಳು ಮುತ್ತಿಕೊಳ್ಳುತ್ತವೆಯೇ?" ಎಂದು ಶುರು ಮಾಡಿದೆ. ಪ್ರೊಫೈಲ್‌ನಲ್ಲಿ ಸುಮ್ನೆ ಟಿಕ್ ಮಾಡಿದ್ದ 20 ಸಮಸ್ಯೆಗಳಲ್ಲಿ ನಾನು ಜಾಸ್ತಿ ನೋಡುವ 3 ಮಾತ್ರ ಉಳಿಸಿದೆ: ಆತಂಕ, ನಿದ್ರಾಹೀನತೆ, ಅಗಲಿಕೆಯ ದುಃಖ. ಫೀಸು, ಬಿಡುವಿರುವ ಸಮಯ, ಮೊದಲ ಕರೆಯಲ್ಲಿ ಏನು ಮಾತಾಡುತ್ತೇವೆ ಎಂಬುದನ್ನೂ ಬರೆದೆ. ಕ್ಲೈಂಟ್‌ಗಳಿಂದ ರಿವ್ಯೂ ಮಾತ್ರ ಕೇಳಲಿಲ್ಲ. ನಾವು ಕೇಳಿದರೆ ಅವರಿಗೆ ಇಲ್ಲ ಎನ್ನಲು ಕಷ್ಟ, ಗುಟ್ಟೂ ಬಯಲಾಗಬಹುದು. ಎರಡೇ ವಾರದಲ್ಲಿ ಮೊದಲ ಮೆಸೇಜ್ ಬಂತು, ನಿದ್ದೆಯ ಬಗ್ಗೆಯೇ.