ದಾರಿ ಮುಚ್ಚಿದ ರಾತ್ರಿಗೆ ವಾರ್ಡಿನ ಸಿದ್ಧತೆ: ಕೊಡಗಿನ ಶುಶ್ರೂಷಾಧಿಕಾರಿಗಳಿಗೆ

ಕೊಡಗಿನಲ್ಲಿ ಮಳೆಗಾಲದ ವಿಪತ್ತು ಆಸ್ಪತ್ರೆಯನ್ನು ಮೊದಲು ತಟ್ಟುವುದು ರಸ್ತೆಯ ಮೂಲಕ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿದಾಗ, ಮಂಗಳೂರಿಗೆ ರೋಗಿಗಳನ್ನು ಕಳುಹಿಸುವ ನೇರ ದಾರಿಯೇ ಇಲ್ಲವಾಯಿತು. ಆದ್ದರಿಂದ ಮುಂದಿನ ಪಾಳಿಯವರು ಬರಲಾರರು, ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳುಹಿಸಲೂ ಆಗದು ಎಂದು ಮೊದಲೇ ಲೆಕ್ಕ ಹಾಕಿ, ಕನಿಷ್ಠ ಎರಡು ದಿನ ಇರುವವರೇ ನಿಭಾಯಿಸುವಂತೆ ಮೇ ತಿಂಗಳ ಕೊನೆಯೊಳಗೆ ವಾರ್ಡನ್ನು ಅಣಿಗೊಳಿಸಬೇಕು.

ಮೊದಲು ಆಮ್ಲಜನಕದ ಲೆಕ್ಕ. ಬಿ ಮಾದರಿಯ ತುಂಬಿದ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್, ಡಿ ಮಾದರಿಯದರಲ್ಲಿ ಸುಮಾರು 7000 ಲೀಟರ್ ಇರುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ಕೊಟ್ಟರೆ ಮೊದಲನೆಯದು 5 ಗಂಟೆ, ಎರಡನೆಯದು 23 ಗಂಟೆಯಷ್ಟು ಬರುತ್ತದೆ. ಒತ್ತಡದ ಮಾಪಕದ ಮುಳ್ಳು ಅರ್ಧಕ್ಕೆ ಇಳಿದಿದ್ದರೆ ಅವಧಿಯೂ ಅರ್ಧ. ‘ಸ್ಟಾಕ್ ಇದೆ’ ಎಂದು ರಿಜಿಸ್ಟರಿನಲ್ಲಿ ಬರೆದರೆ ಏನೂ ತಿಳಿಯುವುದಿಲ್ಲ, ಎಷ್ಟು ರೋಗಿಗಳಿಗೆ ಎಷ್ಟು ಗಂಟೆ ಎಂದೇ ಬರೆಯಬೇಕು. ವಿದ್ಯುತ್ ಹೋದರೆ ವೆಂಟಿಲೇಟರ್ ರೋಗಿಯ ಪಕ್ಕದಲ್ಲಿ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಕೈಗೆಟಕುವಂತಿರಲಿ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಲಸಿಕೆ, ಇನ್ಸುಲಿನ್‌ಗಳ ಪೆಟ್ಟಿಗೆಯನ್ನು ಪದೇ ಪದೇ ತೆರೆಯಬಾರದು.

ಮಳೆ ಬಿರುಸಾಗುವ ಸೂಚನೆ ಸಿಕ್ಕ ಕೂಡಲೇ ಆಶಾ ಕಾರ್ಯಕರ್ತೆಯರ ನೆರವಿನಿಂದ ಎರಡು ಪಟ್ಟಿಗಳನ್ನು ಸಿದ್ಧಪಡಿಸಬೇಕು: ಹೆರಿಗೆಯ ದಿನ ಹತ್ತಿರವಾದ ಗರ್ಭಿಣಿಯರದು ಮತ್ತು ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಬೇಕಾದವರದು. ಗುಡ್ಡದಂಚಿನ ಲೈನ್ ಮನೆಗಳಲ್ಲಿರುವ (ತೋಟದ ಕಾರ್ಮಿಕರ ಸಾಲುಮನೆಗಳು) ಅಂಥವರನ್ನೂ, ಕರಡಿಗೋಡು, ಗುಹ್ಯದಂತಹ ಕಾವೇರಿ ದಂಡೆಯ ಊರುಗಳವರನ್ನೂ ರಸ್ತೆ ತೆರೆದಿರುವಾಗಲೇ ಆಸ್ಪತ್ರೆಯ ಸಮೀಪಕ್ಕೆ ಕರೆತಂದರೆ, ನಡುರಾತ್ರಿಯಲ್ಲಿ 108ಕ್ಕೆ ಕರೆ ಮಾಡಿ ಕಾಯುವ ಸಂಕಟ ಬಹುಪಾಲು ತಪ್ಪುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಮತ್ತು ತುರ್ತು ಸಂಖ್ಯೆ 112ನ್ನು ದೂರವಾಣಿಯ ಮೇಲೆಯೇ ಅಂಟಿಸಿಡಿ.

ಗಾಯಾಳುಗಳು ಒಟ್ಟಾಗಿ ಬಂದಾಗ ಯಾರಿಗೆ ಮೊದಲು ಚಿಕಿತ್ಸೆ ಎಂಬ ವಿಂಗಡಣೆ ಬಾಗಿಲಲ್ಲೇ ಆಗಬೇಕು. ಎದ್ದು ನಡೆಯಬಲ್ಲವರಿಗೆ ಹಸಿರು ಪಟ್ಟಿ. ಉಳಿದ ವಯಸ್ಕರಲ್ಲಿ ಉಸಿರಾಟ ನಿಮಿಷಕ್ಕೆ 30ನ್ನು ಮೀರಿದ್ದರೆ, ಉಗುರನ್ನು ಒತ್ತಿಬಿಟ್ಟಾಗ ಕೆಂಪು ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಥವಾ ಸರಳ ಮಾತನ್ನೂ ಪಾಲಿಸಲಾಗದಿದ್ದರೆ ಕೆಂಪು (ಮೊದಲು ಚಿಕಿತ್ಸೆ), ಮಿಕ್ಕವರಿಗೆ ಹಳದಿ. ಶ್ವಾಸಮಾರ್ಗ ತೆರೆದರೂ ಉಸಿರಾಡದವರಿಗೆ ಕಪ್ಪು. ಚಳಿಯಲ್ಲಿ ನೆಂದವರ ಬೆರಳು ಹೇಗೂ ಬಿಳುಚಿರುವುದರಿಂದ, ನಮ್ಮ ಮಳೆಯಲ್ಲಿ ಉಗುರಿಗಿಂತ ಮಣಿಕಟ್ಟಿನ ನಾಡಿಯನ್ನು ನಂಬುವುದು ಲೇಸು. ತೋಟದ ಕಾರ್ಮಿಕರಲ್ಲಿ ತಮಿಳು, ಹಿಂದಿ, ಅಸ್ಸಾಮಿ ಮಾತ್ರ ಬಲ್ಲವರಿರುತ್ತಾರೆ. ಕನ್ನಡ ತಿಳಿಯದಿರುವುದನ್ನು ಪ್ರಜ್ಞೆಯ ದೋಷವೆಂದು ಎಣಿಸದೆ, ಕೈಸನ್ನೆಯಿಂದ ‘ನನ್ನ ಕೈ ಹಿಡಿಯಿರಿ’ ಎಂದು ತೋರಿಸಿ ನೋಡಬೇಕು.

ಮಣ್ಣಿನಡಿಯಿಂದ ಬಂದವರಲ್ಲಿ ಹೊರಗೆ ಕಾಣದ ಅಪಾಯಗಳಿವೆ. ಗಂಟೆಗಟ್ಟಲೆ ಒತ್ತಿಹೋದ ಕಾಲನ್ನು ಬಿಡಿಸಿದ ಮೇಲೆ, ನಜ್ಜಾದ ಸ್ನಾಯುವಿನ ಪೊಟ್ಯಾಸಿಯಂ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಆದಕಾರಣ ಪೊಟ್ಯಾಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವದ ಬದಲು ನಾರ್ಮಲ್ ಸಲೈನ್ ಸಿದ್ಧವಾಗಿಡಿ, ಇಸಿಜಿ ತೆಗೆಯಿರಿ, ಮೂತ್ರ ಕಡುಗಂದಾಗಿದ್ದರೆ ವೈದ್ಯರಿಗೆ ಕೂಡಲೇ ತಿಳಿಸಿ. ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಕಂಬಳಿ ಹೊದಿಸುವುದು ಸಾಮಾನ್ಯ ಕೆಲಸವೆಂದು ತೋರಬಹುದು. ಆದರೆ ಮೈಯ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ರಕ್ತಸ್ರಾವವೂ ಸುಲಭವಾಗಿ ನಿಲ್ಲುವುದಿಲ್ಲ.

ಕೆಸರು ನೀರಿನಲ್ಲಿ ಓಡಾಡಿದವರಿಗೆ ಇಲಿಜ್ವರ ತಡೆಯಲು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿಯಿದೆ. ವೈದ್ಯರ ಆದೇಶವಿಲ್ಲದೆ ಹಂಚಬಾರದು; ಗರ್ಭಿಣಿಯರು, ಚಿಕ್ಕ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು.

ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಳ್ಳುವ ಹಗಲಿನ ಅಣಕು ಕಾರ್ಯಾಚರಣೆಯಿಂದ ನನಗಂತೂ ಹೆಚ್ಚೇನೂ ಪ್ರಯೋಜನ ಕಂಡಿಲ್ಲ. ರಾತ್ರಿ ಪಾಳಿಯಲ್ಲಿ ಇರುವ ಮೂವರೇ ದೀಪವಾರಿಸಿ, ಟಾರ್ಚಿನ ಬೆಳಕಿನಲ್ಲಿ ಒಬ್ಬ ರೋಗಿಯನ್ನು ಬೆಡ್‌ಶೀಟಿನ ಮೇಲೆ ಮೆಟ್ಟಿಲಿಳಿಸುವ ಅಭ್ಯಾಸ ಮಾಡಿದರೆ, ಕೀಲಿ ಎಲ್ಲಿದೆ, ಯಾವ ಬಾಗಿಲು ಕಚ್ಚುತ್ತದೆ ಎಂಬುದೆಲ್ಲ ಬಯಲಾಗುತ್ತದೆ. ಎರಡು ದಿನ ಉಳಿಯಬೇಕಾದವರು ಆರು ಗಂಟೆಗೊಮ್ಮೆ ಸರದಿಯಲ್ಲಿ ಮಲಗುವ ವ್ಯವಸ್ಥೆಯನ್ನು ವಾರ್ಡಿನ ಹಿರಿಯ ಸಿಸ್ಟರ್ ಮೊದಲೇ ಬರೆದಿಡಬೇಕು. ಯಾರ ಸ್ವಂತ ಮನೆ ಗುಡ್ಡದ ಬುಡದಲ್ಲಿದೆಯೋ ಅವರ ಮನೆಯವರು ಎಲ್ಲಿಗೆ ತೆರಳುತ್ತಾರೆ, ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಸೇರಿಸಬೇಕು.