ನಾಲ್ಕು ಊರು, ಒಂದೇ ಅರ್ಜಿ: ಕಡಿಮೆ ಬೆಲೆಯ ಮನೆಗಳಿಗೆ ಬೇಗ ಮಂಜೂರಾತಿ ಕೊಡುವುದು ಹೇಗೆ?

ಕಡಿಮೆ ಬೆಲೆಯ ಮನೆ ಕಟ್ಟುವವರನ್ನು ಮಾತಾಡಿಸಿ ನೋಡಿ. ಸಿಮೆಂಟು, ಕಬ್ಬಿಣದ ರೇಟಿಗಿಂತ ಮೊದಲು ಮಂಜೂರಾತಿಯ ಗೋಳು ಶುರುವಾಗುತ್ತದೆ. ಕಾಯುವ ಪ್ರತಿ ತಿಂಗಳೂ ಜಾಗದ ಸಾಲಕ್ಕೆ ಬಡ್ಡಿ ಏರುತ್ತದೆ. ಅನುದಾನಕ್ಕೆ ಗಡುವು ಇದ್ದರೆ ಅದೂ ಕೈತಪ್ಪಬಹುದು. ದುಬಾರಿ ಫ್ಲ್ಯಾಟ್ ಆದರೆ ಆ ಖರ್ಚನ್ನು ಬೆಲೆಗೆ ಸೇರಿಸಿ ಮಾರುತ್ತಾರೆ. ಬಾಡಿಗೆಗೆ ಮಿತಿ ಇರುವ ಮನೆಯಲ್ಲಿ ಯಾರ ಮೇಲೆ ಹಾಕುವುದು?

ಅಕ್ಕಪಕ್ಕದ ಊರುಗಳ ಸ್ಥಳೀಯ ಆಡಳಿತಗಳು ಕೈಜೋಡಿಸಿದರೆ ಈ ಕಾಯುವಿಕೆ ಎಷ್ಟೋ ಕಡಿಮೆಯಾಗುತ್ತದೆ. ಸಭೆ, ಒಪ್ಪಂದ ಎಲ್ಲ ಆಮೇಲೆ ಇರಲಿ.

ಮೊದಲು ಒಂದು ಫೈಲಿನ ಬೆನ್ನು ಹತ್ತಿ

ಪ್ರತಿ ಊರೂ ಈಚೆಗೆ ಮಂಜೂರಾದ ಒಂದು ಫೈಲನ್ನು ಹೊರಗೆ ತೆಗೆಯಲಿ. ಅದು ಯಾವ ಮೇಜಿಗೆ ಯಾವತ್ತು ಬಂತು, ಯಾವತ್ತು ಹೋಯಿತು, ಬರೆದುಕೊಳ್ಳಿ. ಸಾಮಾನ್ಯವಾಗಿ ಸಿಗುವ ಕಥೆ ಹೀಗಿರುತ್ತದೆ: ನಕ್ಷೆಯಲ್ಲಿ ಮೆಟ್ಟಿಲಿನ ಅಗಲ ಬರೆದಿಲ್ಲ. ಪರಿಶೀಲಕರು ಷರಾ ಬರೆದು ವಾಪಸ್ ಕಳಿಸುತ್ತಾರೆ. ಆರ್ಕಿಟೆಕ್ಟ್ ಅರ್ಧ ಗಂಟೆಯಲ್ಲಿ ತಿದ್ದುತ್ತಾರೆ. ಆದರೆ ತಿದ್ದಿದ ನಕ್ಷೆ ಹೊಸ ಅರ್ಜಿಯ ಹಾಗೆ ರಾಶಿಯ ತಳಕ್ಕೆ ಸೇರುತ್ತದೆ. ಅಗ್ನಿಶಾಮಕದವರು ಹಳೇ ನಕ್ಷೆ ನೋಡಿದ್ದರು, ಈಗ ಅವರೂ ಮತ್ತೆ ನೋಡಬೇಕು.

ಎರಡು ಕಾಲಂ ಮಾಡಿ. ಯಾರಾದರೂ ಕೆಲಸ ಮಾಡಿದ ದಿನ ಒಂದರಲ್ಲಿ, ಫೈಲು ಸುಮ್ನೆ ಬಿದ್ದಿದ್ದ ದಿನ ಇನ್ನೊಂದರಲ್ಲಿ. ಎರಡನೆಯದು ಎಷ್ಟು ಉದ್ದ ಅಂತ ಕಂಡಮೇಲೆ ಸಭೆ ಕರೆಯಿರಿ. ಆಗ ಮಾತು ದಾರಿ ತಪ್ಪುವುದಿಲ್ಲ.

ಅಳತೆ ಒಂದಾಗಲಿ

ಎಲ್ಲ ಊರುಗಳ ಅರ್ಜಿ ನಮೂನೆಗಳನ್ನು ಪಕ್ಕಪಕ್ಕ ಇಡಿ. ಒಂದೂರು ಕಟ್ಟಡದ ಎತ್ತರವನ್ನು ರಸ್ತೆಯ ಮಟ್ಟದಿಂದ ಅಳೆಯುತ್ತದೆ, ಪಕ್ಕದೂರು ನಿವೇಶನದ ನೆಲದಿಂದ. ಒಬ್ಬರು ತಾರಸಿಯವರೆಗೆ ಎಣಿಸಿದರೆ ಇನ್ನೊಬ್ಬರು ತಾರಸಿಯ ಅಂಚಿನ ಪ್ಯಾರಪೆಟ್ ಗೋಡೆಯನ್ನೂ ಸೇರಿಸುತ್ತಾರೆ. ಹೀಗಾಗಿ ಅದೇ ಕಟ್ಟಡ ಇಲ್ಲಿ ನಿಯಮದ ಒಳಗೆ, ಗಡಿ ದಾಟಿದರೆ ಹೊರಗೆ! ಒಂದೂರಿನಲ್ಲಿ ಮೂರು ಮಹಡಿ, ಇನ್ನೊಂದರಲ್ಲಿ ಐದು ಅಂತ ಮಿತಿ ಬೇರೆ ಇದ್ದರೆ ಇರಲಿ. ಅಳೆಯುವ ರೀತಿ ಮಾತ್ರ ಒಂದೇ ಆಗಬೇಕು. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದ್ದು ಇಲ್ಲೇ.

ಅದಾದಮೇಲೆ ಅರ್ಜಿ, ಚೆಕ್‌ಲಿಸ್ಟ್, ವೆಬ್‌ಸೈಟ್ ಒಂದು ಮಾಡುವುದು ಸುಲಭ. ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂ, ಕರ್ಕ್‌ಲ್ಯಾಂಡ್ ಮೊದಲಾದ ಊರುಗಳು ಕಟ್ಟಡ ಅರ್ಜಿಗಳನ್ನು ಒಂದೇ ಆನ್‌ಲೈನ್ ಕಿಟಕಿಯಲ್ಲಿ ತೆಗೆದುಕೊಳ್ಳುತ್ತವೆ. ಮಂಜೂರಾತಿ ಕೊಡುವುದು ಆಯಾ ಊರೇ.

ಅಸ್ಪಷ್ಟ ನಿಯಮ ಬೇಡ

‘ಸುತ್ತಲಿನ ವಾತಾವರಣಕ್ಕೆ ಒಪ್ಪುವಂತಿರಬೇಕು’ ಅನ್ನುವಂಥ ಸಾಲುಗಳನ್ನು ಹುಡುಕಿ ತೆಗೆಯಿರಿ. ಒಪ್ಪುತ್ತದೋ ಇಲ್ಲವೋ ಅಂತ ತಿಂಗಳುಗಟ್ಟಲೆ ವಾದ ನಡೆಯುವುದು ಇಂಥ ಸಾಲುಗಳ ಮೇಲೆಯೇ. ಅದರ ಬದಲು ಇಷ್ಟು ಮೀಟರ್ ಎತ್ತರ, ಇಷ್ಟು ಸೆಟ್‌ಬ್ಯಾಕ್ (ನಿವೇಶನದ ಗಡಿಯಿಂದ ಬಿಡಬೇಕಾದ ಜಾಗ) ಅಂತ ಅಂಕಿ ಬರೆಯಿರಿ.

ಕ್ಯಾಲಿಫೋರ್ನಿಯಾ 2017ರಲ್ಲಿ ಇಂಥದ್ದೇ ಒಂದು ಕಾಯ್ದೆ ತಂದಿತು. ಮನೆ ಕಟ್ಟುವ ಗುರಿಯಲ್ಲಿ ಹಿಂದೆ ಬಿದ್ದ ಊರುಗಳಲ್ಲಿ, ಕಾಯ್ದೆಯ ಷರತ್ತು ಪೂರೈಸಿದ ಯೋಜನೆಯ ಪರಿಶೀಲನೆ ಮುಗಿಸಲು ಊರಿಗೆ ಗಡುವು ಇದೆ. 150 ಮನೆಗಳವರೆಗೆ 90 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 180 ದಿನ. ಅಳೆಯಲು ಬರುವ ನಿಯಮ ಇದ್ದರೆ ಮಾತ್ರ ಇಂಥ ಗಡುವು ನಡೆಯುತ್ತದೆ ಅಲ್ವಾ?

ಹಾಗಂತ ಬೆಂಕಿ, ಚರಂಡಿ, ಅಡಿಪಾಯದ ತಪಾಸಣೆಗೆ ಕತ್ತರಿ ಹಾಕಬೇಡಿ. ಒಬ್ಬರ ನಂತರ ಒಬ್ಬರು ನೋಡುವ ಬದಲು ಎಲ್ಲ ಇಲಾಖೆಗಳೂ ಒಟ್ಟಿಗೇ ನೋಡಲಿ, ಷರಾಗಳು ಒಂದೇ ಪತ್ರದಲ್ಲಿ ಹೋಗಲಿ.

ಜನ, ದುಡ್ಡು ಹಂಚಿಕೊಳ್ಳಿ

ಚಿಕ್ಕ ಊರಿನಲ್ಲಿ ನಕ್ಷೆ ನೋಡುವವರು ಒಬ್ಬರೇ. ಅವರು ರಜೆ ಹಾಕಿದರೆ ಕೆಲಸವೂ ರಜೆ. ನಾಲ್ಕು ಊರು ಸೇರಿ ಇಬ್ಬರು ಪರಿಶೀಲಕರನ್ನು ಇಟ್ಟುಕೊಂಡರೆ ಈ ಫಜೀತಿ ತಪ್ಪುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 20 ಊರುಗಳು ಮತ್ತು ಕೌಂಟಿ ಆಡಳಿತ ತಮ್ಮ ವಸತಿ ಯೋಜನಾ ದಾಖಲೆಗಳ ಕೆಲಸವನ್ನು ಜೊತೆಯಾಗಿ ಮಾಡುತ್ತವೆ. ಬೆಲ್‌ವ್ಯೂ ಸುತ್ತಲಿನ ಊರುಗಳು 1992ರಿಂದ ಒಂದು ಕೂಟ ಕಟ್ಟಿಕೊಂಡು ವಸತಿ ಸಿಬ್ಬಂದಿಯನ್ನು ಹಂಚಿಕೊಂಡಿವೆ. ದುಡ್ಡನ್ನೂ ಒಂದೇ ನಿಧಿಗೆ ಹಾಕುತ್ತವೆ.

ಮೊದಲೇ ಒಪ್ಪಿಗೆ ಪಡೆದ ಸಿದ್ಧ ನಕ್ಷೆಗಳನ್ನೂ ಹೀಗೇ ಜಂಟಿಯಾಗಿ ಮಾಡಿಸಿಡಬಹುದು.

ಒಪ್ಪಂದ ಬರೆಯುವಾಗ

ಖರ್ಚು ಯಾರದು, ಪರಿಶೀಲನೆ ತಪ್ಪಿದರೆ ಹೊಣೆ ಯಾರದು, ಒಂದೂರು ಹೊರಗೆ ಹೋಗಬೇಕಾದರೆ ಎಷ್ಟು ತಿಂಗಳ ನೋಟಿಸ್. ಈ ಮೂರೂ ಇರಲೇಬೇಕು. ‘ನಮ್ಮೂರಿನ ಅಧಿಕಾರ ಪಕ್ಕದವರ ಪಾಲಾಗುತ್ತದೆ’ ಅಂತ ಸದಸ್ಯರು ತಕರಾರು ಎತ್ತೇ ಎತ್ತುತ್ತಾರೆ. ಕೊನೆಯ ಸಹಿ ಆಯಾ ಊರಿನದೇ ಅಂತ ಮೊದಲ ಪುಟದಲ್ಲೇ ಬರೆಯಿರಿ.

ಆರು ತಿಂಗಳಾದ ಮೇಲೆ ಪ್ರತಿ ಊರಿನಿಂದಲೂ ಮತ್ತೊಂದು ಫೈಲು ತೆಗೆದು ಅದೇ ಎರಡು ಕಾಲಂ ತುಂಬಿಸಿ. ಯಾವುದು ಎಲ್ಲಕ್ಕಿಂತ ಜಾಸ್ತಿ ದಿನ ಬಿದ್ದಿತ್ತೋ, ಜಂಟಿ ಸಭೆಯಲ್ಲಿ ಆ ಫೈಲನ್ನೇ ಮೊದಲು ಬಿಚ್ಚಿ.